ಇಸ್ತ್ರಿ ಮೇಜಿಗೆ ಕಾವಲು ಕೂತವರು

ಅವರ ಶ್ರದ್ಧಾಂಜಲಿ ಸಭೆಯಲ್ಲಿ ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿ ಮೈಕು ಹಿಡಿದು, "ನಮ್ಮ ಕರ್ನಲ್ ಸಾಹೇಬ್ರು ಸೇನೆಯಲ್ಲಿ ಗುಂಡು ಹಾರಿಸಿದವರಲ್ಲ, ಗುಂಡು ಎಣಿಸಿದವರು" ಎಂದರು. ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ಎದುರಿಗೆ ಸತ್ತವರ ಫೋಟೊ ಇತ್ತು. ಮುಂದಿನ ಕುರ್ಚಿಯಲ್ಲಿ ಅವರ ಹೆಂಡತಿ ಕೂತಿದ್ದರು. ನಾನು ಎದ್ದು ಹೊರಗೆ ಬಂದೆ. ಅಲ್ಲಾಳಸಂದ್ರ ಕೆರೆಯ ಸುತ್ತ ನಡೆದರೂ ಸಿಟ್ಟು ಇಳಿಯಲಿಲ್ಲ. ಆ ಮೈಕಿನಲ್ಲಿ ಯಾರೂ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಅವರ ಮನೆ ನಮ್ಮ ಮನೆಯ ಎದುರಿಗೇ. ನಾನು ಬ್ಯಾಂಕಿನ ಕೆಲಸಕ್ಕೆ ಹೊರಡುವ ಹೊತ್ತಿಗೆ ಅವರು ಗೇಟಿನ ಹತ್ತಿರ ನಿಂತು ಪೇಪರ್ ಓದುತ್ತಿದ್ದರು. ಎಡಗಿವಿ ಕೇಳುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಇಡೀ ಮೈಯನ್ನು ತಿರುಗಿಸಿ ಬಲಗಿವಿ ಕೊಡುತ್ತಿದ್ದರು. ಇದರಿಂದ ಗುರುತಿಲ್ಲದವರಿಗೆ, ಈ ಮನುಷ್ಯನಿಗೆ ನಮ್ಮ ಮುಖ ನೋಡುವುದಕ್ಕೂ ಇಷ್ಟವಿಲ್ಲ ಅನ್ನಿಸುತ್ತಿತ್ತು. ನಿಜ ಹೇಳಬೇಕೆಂದರೆ ಕೆಲವರ ಮುಖ ನೋಡುವುದು ಅವರಿಗೆ ಇಷ್ಟವಿರಲೂ ಇಲ್ಲ.

ಎಲ್ಲರೂ ಕರ್ನಲ್ ಎನ್ನುತ್ತಿದ್ದರು. "ಲೆಫ್ಟಿನೆಂಟ್ ಕರ್ನಲ್ ಕಣ್ರೀ, ಅದರ ಮೇಲಿಂದು ನನಗೆ ಕೊಡ್ಲಿಲ್ಲ" ಎಂದು ಅವರೇ ತಿದ್ದುತ್ತಿದ್ದರು. ಸೈನ್ಯದಲ್ಲಿ ಅವರದು ಆರ್ಡ್ನನ್ಸ್ ವಿಭಾಗ. ಬಂದೂಕು, ಮದ್ದುಗುಂಡು, ಬೂಟು, ಕಂಬಳಿ ಎಲ್ಲವನ್ನೂ ಕೂಡಿಟ್ಟು, ಕಾಪಾಡಿ, ಬೇಕಾದ ಕಡೆಗೆ ಕೊಡುವ ಕೆಲಸ. ನಮ್ಮ ಬಡಾವಣೆಯ ಬಾಯಲ್ಲಿ ಅದು "ಮಿಲಿಟ್ರಿ ಗೋಡೌನು" ಆಗಿತ್ತು.

ಒಂದು ಗಣರಾಜ್ಯೋತ್ಸವಕ್ಕೆ ಅವರನ್ನು ಬಾವುಟ ಹಾರಿಸಲು ಕರೆದಿದ್ದರು. ಮಕ್ಕಳಲ್ಲಿ ಒಬ್ಬ, "ಅಂಕಲ್, ನೀವು ವಾರ್‌ನಲ್ಲಿ ಎಷ್ಟ್ ಜನಾನ ಹೊಡೆದ್ರಿ?" ಎಂದು ಕೇಳಿದ.

"ಒಬ್ಬರನ್ನೂ ಇಲ್ಲ," ಎಂದರು. "ನಾನಿದ್ದ ಕಡೆ ಬಂದೂಕಿಗೆ ಕೆಲಸ ಸಿಗದ ಹಾಗೆ ನೋಡ್ಕೊಳ್ಳೋಕೆ ಪ್ರಯತ್ನಪಟ್ಟೆ. ಅಷ್ಟೇನೂ ಆಗ್ಲಿಲ್ಲ."

ಮಕ್ಕಳಿಗಿಂತ ಹೆತ್ತವರಿಗೆ ನಿರಾಶೆಯಾಯಿತು. ಮುಂದಿನ ವರ್ಷ ಬಾವುಟ ಹಾರಿಸಿದ್ದು ಬಿಲ್ಡರ್ ಮುನಿರಾಜು. ಸೊಂಟದಲ್ಲಿ ಲೈಸೆನ್ಸಿನ ರಿವಾಲ್ವರ್ ಇಟ್ಟುಕೊಂಡು ಬಂದಿದ್ದ. ಅದರ ಜೊತೆ ಫೋಟೊ ತೆಗೆಸಿಕೊಳ್ಳಲು ಸಾಲು ನಿಂತಿತ್ತು.

ಮುನಿರಾಜು ಯಾರೆಂದು ಹೇಳಬೇಕು. ನಮ್ಮ ಬಡಾವಣೆ ನಿಂತಿರುವುದು ಅವನ ಅಜ್ಜನ ರಾಗಿ ಹೊಲದ ಮೇಲೆ. ಈಗ ಅವನಿಗೆ ಜೆಸಿಬಿಗಳಿವೆ, ಬಾಡಿಗೆ ಕಟ್ಟಡಗಳಿವೆ, ಎಲ್ಲಕ್ಕಿಂತ ಮುಖ್ಯವಾಗಿ ಬೋರ್‌ವೆಲ್ಲುಗಳು ಮತ್ತು ನೀರಿನ ಟ್ಯಾಂಕರುಗಳಿವೆ. ನಮ್ಮ ಕಡೆ ನಲ್ಲಿಯ ನೀರು ಸಾಲುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಸ್ನಾನ, ಅಡುಗೆ, ಮರ್ಯಾದೆ ಎಲ್ಲವೂ ಅವನ ಟ್ಯಾಂಕರಿನಲ್ಲೇ ಬರುತ್ತಿತ್ತು.

ಕರ್ನಲ್ ಅವರಿಗೆ ಒಂದು ಚಾಳಿಯಿತ್ತು. ಏನಾದರೂ ಕೆಟ್ಟದ್ದು ಕಂಡರೆ "ಇದನ್ನ ಕೊಟ್ಟೋರ್ಯಾರು?" ಎಂದು ಕೇಳುವುದು. ರಸ್ತೆ ಅಗೆದು ಹಾಗೇ ಬಿಟ್ಟಿದ್ದರೆ, ಅಗೆಯಲು ಅನುಮತಿ ಕೊಟ್ಟೋರ್ಯಾರು? ಕೆರೆಯ ಅಂಚಿನಲ್ಲಿ ಕಟ್ಟಡ ಏಳುತ್ತಿದ್ದರೆ, ಖಾತೆ ಮಾಡಿಕೊಟ್ಟೋರ್ಯಾರು? ಮಾಡಿದವನ ಮೇಲೆ ಎಲ್ಲರಿಗೂ ಸಿಟ್ಟು ಬರುತ್ತದೆ, ಕೊಟ್ಟವನು ಮನೆಯಲ್ಲಿ ಕಾಲು ಚಾಚಿ ಕೂತಿರುತ್ತಾನೆ ಎನ್ನುವುದು ಅವರ ತಕರಾರು. ಇದು ಅವರಿಗೆ ಎಲ್ಲಿಂದ ಅಂಟಿಕೊಂಡಿತು ಎಂದು ನನಗೆ ತಿಳಿದದ್ದು ಪುಟ್ಟೇನಹಳ್ಳಿ ಕೆರೆಯ ಕಡೆ ನಾವು ಹೋಗುತ್ತಿದ್ದ ಭಾನುವಾರದ ನಡಿಗೆಗಳಲ್ಲಿ. ಅವರ ಹೆಂಡತಿ ಸೈನ್ಯದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಅವರೂ ಜೊತೆಗಿರುತ್ತಿದ್ದರು. ಗಂಡ ತಪ್ಪು ಹೇಳಿದ ಕಡೆ ತಿದ್ದುತ್ತಿದ್ದರು.

ಆಫ್ರಿಕಾದ ಒಂದು ದೇಶ. ಒಂದೇ ಮಣ್ಣಿನಲ್ಲಿ ಹುಟ್ಟಿದ ಎರಡು ಗುಂಪುಗಳು ವರ್ಷಗಟ್ಟಲೆ ಬಡಿದಾಡಿದ್ದವು. ಕೊನೆಗೊಂದು ಕದನವಿರಾಮವಾಗಿ, ಅದನ್ನು ಕಾಯಲು ಹಲವು ದೇಶಗಳ ಸೈನಿಕರು ಸೇರಿದ ಶಾಂತಿಪಡೆ ಹೋಯಿತು. ಅದರಲ್ಲಿ ಇವರೂ ಇದ್ದರು, ಆಗ ಮೇಜರ್. ಎರಡೂ ಗುಂಪಿನವರು ತಂದೊಪ್ಪಿಸುವ ಬಂದೂಕುಗಳನ್ನು ತೆಗೆದುಕೊಳ್ಳುವುದು, ಒಳಗೆ ಗುಂಡಿದ್ದರೆ ತೆಗೆಯುವುದು, ನಾಶ ಮಾಡುವ ತನಕ ಕಾಪಾಡುವುದು ಇವರ ಪಾಲಿನ ಕೆಲಸ.

ಉಗ್ರಾಣಕ್ಕೆ ಕೊಟ್ಟದ್ದು ಒಂದು ಹಳ್ಳಿ ಶಾಲೆ. ತಗಡಿನ ಸೂರು. ಮದ್ದುಗುಂಡಿಗೆ ಕಾವು ಆಗದು. ಆದ್ದರಿಂದ ಕಿಟಕಿಗಳಿಗೆಲ್ಲ ಗೋಣಿತಾಟು ಕಟ್ಟಿ ದಿನವಿಡೀ ನೀರು ಚಿಮುಕಿಸಬೇಕಿತ್ತು. ಇವರ ಹಾಸಿಗೆ ಹೆಡ್‌ಮಾಸ್ತರ ಕೋಣೆಯಲ್ಲಿ. ಗೋಡೆಯ ಆಚೆ ಬದಿ ಕೈಬಾಂಬಿನ ಪೆಟ್ಟಿಗೆಗಳು. "ಮೊದಮೊದಲು ನಿದ್ದೆ ಬರ್ತಿರ್ಲಿಲ್ಲ. ಆಮೇಲೆ ಬೇರೆ ಕಡೆ ಮಲಗಿದ್ರೆ ನಿದ್ದೆ ಬರ್ತಿರ್ಲಿಲ್ಲ, ಏನಾಗ್ತಿದೆಯೋ ಅಂತ" ಎನ್ನುತ್ತಿದ್ದರು.

ದುಭಾಷಿಯಾಗಿ ಬಂದವನು ಜೋಸೆಫ್, ಅದೇ ಶಾಲೆಯ ಲೆಕ್ಕದ ಮೇಷ್ಟ್ರು. ಒಂದು ಕೋಣೆಯ ಕಪ್ಪುಹಲಗೆಯ ಮೇಲೆ ಅವನು ಬರೆದ ಮಗ್ಗಿ ಇನ್ನೂ ಇತ್ತು. ಯುದ್ಧ ಶುರುವಾದ ದಿನ ಅರ್ಧಕ್ಕೆ ಬಿಟ್ಟು ಓಡಿದ್ದನಂತೆ. ಅದನ್ನು ಅಳಿಸಲು ಬಿಡುತ್ತಿರಲಿಲ್ಲ. ಅದರ ಕೆಳಗೇ ಗುಂಡಿನ ಪೆಟ್ಟಿಗೆಗಳನ್ನು ಪೇರಿಸಬೇಕಾಗಿ ಬಂದಾಗ ಇವರು ಜೋಸೆಫ್‌ನ ಒಪ್ಪಿಗೆ ಕೇಳಿದರು. ಅವನಿಗೆ ನಗು ಬಂತು. ಅಷ್ಟು ವರ್ಷಗಳಲ್ಲಿ ಬಂದೂಕು ಹಿಡಿದವರು ಯಾರೂ ಅವನ ಒಪ್ಪಿಗೆ ಕೇಳಿರಲಿಲ್ಲ.

ಒಂದು ದಿನ ಯಾರೋ ತಳ್ಳುಗಾಡಿಯಲ್ಲಿ ಹಳೆಯ ಕೈಬಾಂಬುಗಳನ್ನು ತುಂಬಿ ತಂದು, ಶಾಲೆಯ ಬಾಗಿಲಲ್ಲಿ ಬಿಟ್ಟು ಹೋದರು. ಎಲ್ಲಕ್ಕೂ ತುಕ್ಕು ಹಿಡಿದಿತ್ತು. ಯಾವುದು ಯಾವಾಗ ಸಿಡಿಯುತ್ತದೋ ಹೇಳುವ ಹಾಗಿರಲಿಲ್ಲ. ಇವರು ಎಲ್ಲರನ್ನೂ ದೂರ ಕಳಿಸಿ, ಒಂದೊಂದನ್ನೇ ಎತ್ತಿಕೊಂಡು ಹೋಗಿ ದೂರದಲ್ಲಿ ತೋಡಿದ ಗುಂಡಿಯಲ್ಲಿಟ್ಟರು. ಕೊನೆಯದು ಕೈಯಿಂದ ಜಾರಿ, ಅವರು ಮಣ್ಣಿನ ದಿಬ್ಬದ ಹಿಂದೆ ಬೀಳುವಷ್ಟರಲ್ಲಿ, ಗುಂಡಿಯ ಅಂಚಿನಲ್ಲೇ ಸಿಡಿಯಿತು. ಎಡಗಿವಿ ಹೋದದ್ದು ಅಲ್ಲಿ. ಗುಂಡು ಎಣಿಸಿದವರಂತೆ!

ಇನ್ನೊಂದು ದಿನ ಒಬ್ಬ ಹೆಂಗಸು ಸೌದೆ ಹೊರೆ ಹೊತ್ತು ಬಂದಳು. ಹೊರೆ ಬಿಚ್ಚಿದರೆ ಒಳಗೆ ಬಂದೂಕು. ಸತ್ತ ಗಂಡನದು. ಬಂದೂಕು ತಂದವರಿಗೆ ಕಂಬಳಿ, ಹಿಟ್ಟು, ಎಣ್ಣೆ ಕೊಡುತ್ತಿದ್ದರು. ಅವಳು ಅದನ್ನು ಮುಟ್ಟಲಿಲ್ಲ. ಜೋಸೆಫ್ ಮೂಲಕ ಒಂದೇ ಮಾತು ಕೇಳಿದಳು, "ಇದನ್ನ ಇನ್ಯಾರಿಗೂ ಕೊಡಲ್ಲ ತಾನೆ?"

"ಕೊಡಲ್ಲ" ಎಂದು ಇವರು ಮಾತು ಕೊಟ್ಟರು.

ಕೆಲವು ವಾರಗಳಾದ ಮೇಲೆ ಆ ದೇಶದ ಮಂತ್ರಿಯೊಬ್ಬ ದೊಡ್ಡ ಕಾರಿನಲ್ಲಿ ಬಂದ. ಹೊಸ ಪೊಲೀಸ್ ಪಡೆ ಕಟ್ಟುತ್ತಿದ್ದೇವೆ, ಇವುಗಳಲ್ಲಿ ಚೆನ್ನಾಗಿರುವುದನ್ನು ಆರಿಸಿಕೊಡಿ ಎಂದ. ಮಂತ್ರಿಯ ಪೊಲೀಸರೆಂದರೆ ಯಾರೆಂದು ಇಡೀ ಹಳ್ಳಿಗೆ ಗೊತ್ತಿತ್ತು. ಎರಡು ಗುಂಪಿನಲ್ಲಿ ಒಂದರ ಮುಖಂಡ ಅವನೇ. ಇವರ ಮೇಲಿದ್ದ ಅಧಿಕಾರಿ, ಬೇರೆ ಯಾವುದೋ ದೇಶದವನು, "ಕೊಟ್ಟುಬಿಡು, ನಮಗ್ಯಾಕೆ ತಲೆನೋವು" ಎಂದ.

"ನೀವೇನಂದ್ರಿ?" ಎಂದು ಕೇಳಿದೆ.

"ಏನೂ ಅನ್ಲಿಲ್ಲ. ನಾಶ ಮಾಡ್ಬೇಕು ಅಂತಲೇ ಒಪ್ಪಂದ ಆಗಿತ್ತು. ಯಾವತ್ತು ಮಾಡ್ಬೇಕು ಅನ್ನೋದು ನನ್ನ ಕೈಲಿತ್ತು. ಮಾರನೇ ದಿನವೇ ಮಾಡ್ದೆ."

ರಸ್ತೆ ರಿಪೇರಿಯವರ ರೋಲರನ್ನು ಶಾಲೆಯ ಮೈದಾನಕ್ಕೆ ಕರೆಸಿದರು. ಗುಂಡುಗಳನ್ನು ಬೇರೆ ಮಾಡಿ ದೂರದ ಗುಂಡಿಯಲ್ಲಿ ಸುಟ್ಟರು. ಬಂದೂಕುಗಳನ್ನು ನೆಲದ ಮೇಲೆ ಹಾಸಿ, ನಡುಮಧ್ಯಾಹ್ನ, ಊರವರೆಲ್ಲ ನೋಡುತ್ತಿದ್ದ ಹಾಗೆ ಮೇಲೆ ರೋಲರ್ ಓಡಿಸಿದರು. ಕಬ್ಬು ಮುರಿದ ಹಾಗೆ ಸದ್ದಾಗುತ್ತಿತ್ತಂತೆ. ಸೌದೆಯ ಹೆಂಗಸೂ ಗೋಡೆಯ ಪಕ್ಕ ನಿಂತು ನೋಡಿದಳು. ಜೋಸೆಫ್ ಮಾತ್ರ ನೋಡಲಿಲ್ಲ. ಖಾಲಿಯಾದ ತನ್ನ ತರಗತಿಗೆ ಹೋಗಿ ಕಸ ಗುಡಿಸತೊಡಗಿದ.

ಅದರ ಫಲ ಬೇಗ ಸಿಕ್ಕಿತು. ಅವಧಿ ಮುಗಿಯುವ ಮೊದಲೇ ವಾಪಸು ಕಳಿಸಿದರು. ಮೇಲಿನವರ ಮಾತು ಕೇಳುವವನಲ್ಲ ಎಂಬ ಹಣೆಪಟ್ಟಿ ಜೊತೆಗೇ ಬಂತು. ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗುವ ಬಡ್ತಿ ಸಿಕ್ಕಿತು, ಅದರಾಚೆಗೆ ಏನೂ ಇಲ್ಲ.

"ಪ್ರಮೋಷನ್ ಹೋಯ್ತು ಅಂತ ಸಿಟ್ಟಿಲ್ಲ ಕಣ್ರೀ," ಎಂದರು ಒಂದು ಬೆಳಿಗ್ಗೆ. "ಆ ಮಂತ್ರಿ ಇನ್ನೊಂದು ಉಗ್ರಾಣಕ್ಕೆ ಹೋಗಿ ಕೇಳ್ದ. ಅಲ್ಲಿದ್ದೋರು ಕೊಟ್ಟುಬಿಟ್ರು. ಮಳೆಗಾಲ ಮುಗಿಯೋದ್ರೊಳಗೆ ಮತ್ತೆ ಶುರುವಾಯ್ತು. ಆ ಶಾಲೆ ಸುಟ್ಟುಹೋಯ್ತು ಅಂತ ಆಮೇಲೆ ಗೊತ್ತಾಯ್ತು. ಹೊಡೆದೋರ ಮೇಲೆ ವಿಚಾರಣೆ ನಡೀತಂತೆ. ಕೊಟ್ಟೋನನ್ನ ಯಾರೂ ಒಂದು ಮಾತು ಕೇಳ್ಲಿಲ್ಲ. ಅವನು ಮೆಡಲ್ ಹಾಕ್ಕೊಂಡು ರಿಟೈರ್ ಆದ."

"ಜೋಸೆಫ್?"

"ಗೊತ್ತಿಲ್ಲ."

ಅವರ ಹೆಂಡತಿ ಮೆಲ್ಲಗೆ, "ಬಹಳ ವಿಚಾರಿಸಿದ್ರು" ಎಂದರು.

ಇನ್ನು ಆಯುಧಪೂಜೆಯ ವಿಷಯಕ್ಕೆ ಬರುತ್ತೇನೆ. ಹೋದ ವರ್ಷಕ್ಕೆ ಹಿಂದಿನ ವರ್ಷದ್ದು.

ನಮ್ಮ ಬೀದಿಯ ತಿರುವಿನಲ್ಲಿ ರತ್ನಮ್ಮನ ಇಸ್ತ್ರಿ ಅಂಗಡಿ. ಅಂಗಡಿ ಎಂದರೆ ಒಂದು ಟಾರ್ಪಾಲು, ಅದರ ಕೆಳಗೆ ಕಂಬಳಿ ಹಾಸಿದ ಮರದ ಮೇಜು, ಕೆಂಡದ ಇಸ್ತ್ರಿಪೆಟ್ಟಿಗೆ. ಮಾಕಳಿ ಕಡೆಯವಳು. ಗಂಡ ತೀರಿಕೊಂಡ ಮೇಲೆ ಆ ಮೇಜಿನ ಮೇಲೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವಳು. ಎದುರಿಗೆ ಮುನಿರಾಜುವಿನ ಹೊಸ ಕಟ್ಟಡ. ಬೆಳಿಗ್ಗೆ ಜೆಸಿಬಿಗಳಿಗೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಮುನಿರಾಜು ರಿವಾಲ್ವರಿಗೂ ಕುಂಕುಮ ಹಚ್ಚಿ ಪೂಜೆ ಮಾಡಿಸಿದ. ಆಮೇಲೆ ಮಹಡಿ ಹತ್ತಿ, ಹುಡುಗರು ಮೊಬೈಲು ಹಿಡಿದು ವಿಡಿಯೊ ಮಾಡುತ್ತಿರಲು, ಹಾರಿಸತೊಡಗಿದ.

ಕರ್ನಲ್ ಅಂಗಿ ತರಲು ಅದೇ ಹೊತ್ತಿಗೆ ಅಲ್ಲಿಗೆ ಹೋಗುತ್ತಿದ್ದರು. ಸದ್ದು ಪಟಾಕಿಯದಲ್ಲವೆಂದು ಒಂದೇ ಕಿವಿಯಲ್ಲೂ ಅವರಿಗೆ ತಿಳಿಯಿತು. ತಲೆ ಎತ್ತಿದರೆ ಮುನಿರಾಜುವಿನ ಕೈ ಕೆಳಗಿಳಿಯುತ್ತಿತ್ತು. ಆಕಾಶಕ್ಕೆ ಹಿಡಿದ ಕೈ ಕೊನೆಯ ಸಲ ಬೀದಿಗೆ ವಾಲಿತ್ತು. ರತ್ನಮ್ಮ ಮೇಜಿನ ಪಕ್ಕ ಕುಸಿದಿದ್ದಳು. ಗುಂಡು ಟಾರ್ಪಾಲು ಹರಿದು, ಅವಳ ಬಲಭುಜದ ಮೂಲಕ ಹಾದು, ಕಂಬಳಿ ಸೀಳಿ ಮೇಜಿನ ಮರದಲ್ಲಿ ನೆಟ್ಟಿತ್ತು.

ಕೂಗು ಕೇಳಿ ನಾನು ಓಡಿಹೋದಾಗ ಕರ್ನಲ್ ಹೆಂಡತಿ ಆಗಲೇ ನೆಲದ ಮೇಲೆ ಕೂತು, ಒಗೆದ ಬೆಡ್‌ಶೀಟನ್ನು ಗಾಯಕ್ಕೆ ಒತ್ತಿ ಹಿಡಿದಿದ್ದರು. ರತ್ನಮ್ಮನನ್ನು ಆಟೊದಲ್ಲಿ ಆಸ್ಪತ್ರೆಗೆ ಕರೆದೊಯ್ದವರೂ ಅವರೇ. ಕರ್ನಲ್ ಹೋಗಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿಕೊಂಡು ಮೇಜಿನ ಪಕ್ಕ ಕೂತರು.

"ಪೊಲೀಸರು ಬಂದು ಈ ಗುಂಡನ್ನ ತಗೊಳ್ಳೋ ತನಕ ಇಲ್ಲಿಂದ ಏಳಲ್ಲ. ನೀವು ಸ್ಟೇಷನ್ನಿಗೆ ಫೋನ್ ಮಾಡ್ತಾ ಇರಿ" ಎಂದು ನನಗೆ ಹೇಳಿದರು.

ಮೊದಲು ಬಂದದ್ದು ಮುನಿರಾಜುವಿನ ಕಡೆಯ ಇಬ್ಬರು. ಬಹಳ ವಿನಯ.

"ಸಾರ್, ಮೇಜು ಅಳೇದಾಗೋಯ್ತು. ರತ್ನಮ್ಮಂಗೆ ಅಣ್ಣ ಒಸಾದು ಕೊಡಿಸ್ತಾರಂತೆ. ಇದ್ನ ಎತ್ಕೊಂಡೋಗ್ತೀವಿ."

"ಮುಟ್ಟಬೇಡಿ," ಎಂದರು ಕರ್ನಲ್.

"ಪಟಾಕಿ ಸಾರ್ ಅದು. ಸುಮ್ನೆ ಯಾಕೆ ಇಂಗೆ ಬಿಸ್ಲಲ್ಲಿ ಕುಂತಿದ್ದೀರ?"

"ಪಟಾಕಿ ಆದ್ರೆ ಮೇಜು ಯಾಕಪ್ಪಾ ಬೇಕು ನಿಮಗೆ?"

ಅವರು ಹೋದ ಮೇಲೆ ನಮ್ಮ ಕಾರ್ಯದರ್ಶಿ ಬಂದರು. ಅವರಿಗೆ ರತ್ನಮ್ಮ ಹೇಗಿದ್ದಾಳೆ ಎಂದು ಕೇಳುವುದಕ್ಕೂ ಪುರುಸೊತ್ತಿರಲಿಲ್ಲ.

"ಕರ್ನಲ್ ಸಾರ್, ನೀವು ದೊಡ್ಡೋರು. ಹಬ್ಬದ ದಿನ ಇದೆಲ್ಲ ಬೇಕಾ? ಆಸ್ಪತ್ರೆ ಖರ್ಚು ಅವರು ನೋಡ್ಕೋತಾರಂತೆ. ಲೇಔಟಿಗೆ ನೀರು ಯಾರು ಕೊಡ್ತಿರೋದು ಅಂತ ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡಿ."

"ಆ ಮನುಷ್ಯನಿಗೆ ರಿವಾಲ್ವರ್ ಲೈಸೆನ್ಸ್ ಕೊಡುವಾಗ ಗುಣನಡತೆ ಬಗ್ಗೆ ಪೊಲೀಸರು ನಿಮ್ಮನ್ನ ಕೇಳಿದ್ರಂತೆ. ಏನು ಹೇಳಿದ್ರಿ?"

ಕಾರ್ಯದರ್ಶಿ ವಾಚು ನೋಡಿಕೊಂಡರು. ಅವರೇ ಒಳ್ಳೆಯ ಮಾತು ಹೇಳಿದ್ದರು. ಅಲ್ಲಿ ನಿಂತವರಿಗೆಲ್ಲ ಅದು ಗೊತ್ತಿತ್ತು. "ನೀವು ಆರ್ಮಿಲಿ ಸ್ಟೋರ್ಸ್ ನೋಡ್ಕೋತಿದ್ದೋರು ಸಾರ್, ಇದೆಲ್ಲ ನಿಮಗೆ ಗೊತ್ತಾಗಲ್ಲ" ಎಂದು ಗೊಣಗುತ್ತ ಹೋದರು.

ಇಳಿಹೊತ್ತಿನ ತನಕ ಅವರು ಕದಲಲಿಲ್ಲ. ನಾನು ತಂದ ಅನ್ನ ಸಾರು ಅಲ್ಲೇ ಉಂಡರು. ಕೊನೆಗೆ ಯಲಹಂಕ ಕಡೆಯಿಂದ ಒಬ್ಬ ಹೆಣ್ಣುಮಗಳು, ಎಳೆವಯಸ್ಸಿನ ಸಬ್ ಇನ್‌ಸ್ಪೆಕ್ಟರ್, ಬಂದಳು. ಮೊದಲು ಅವಳಿಗೂ ಅನುಮಾನವಿತ್ತು. ಕರ್ನಲ್ ಎದ್ದು ನಿಂತು ತೋರಿಸಿದರು. ಟಾರ್ಪಾಲಿನ ತೂತು, ರಕ್ತದ ಕಲೆ, ಮೇಜಿನ ತೂತು, ಅವುಗಳ ನೇರದಲ್ಲಿ ಮಹಡಿಯ ಅಂಚು. ಅವಳು ಬಹಳ ಹೊತ್ತು ಆ ಅಂಚನ್ನೇ ನೋಡಿದಳು. ಆಮೇಲೆ ಮೇಜನ್ನೇ ಜೀಪಿನ ಹಿಂದೆ ಹೇರಿಸಿದಳು. ಮುನಿರಾಜುವಿನ ರಿವಾಲ್ವರೂ ಅವತ್ತೇ ಸ್ಟೇಷನ್ನಿಗೆ ಹೋಯಿತು. ಲೈಸೆನ್ಸು ಅಮಾನತ್ತಾಯಿತು. ಮುನಿರಾಜು ಜಾಮೀನಿನ ಮೇಲೆ ಬೇಗನೆ ಹೊರಗೆ ಬಂದ.

ರತ್ನಮ್ಮ ಬದುಕಿದಳು. ಬಲಗೈ ಭುಜದ ಮಟ್ಟಕ್ಕೂ ಏಳದ ಹಾಗಾಯಿತು.

ನಮ್ಮ ಬಡಾವಣೆಯ ನಿಜವಾದ ಮುಖ ನಾನು ನೋಡಿದ್ದು ಅದರ ನಂತರದ ಬೇಸಿಗೆಯಲ್ಲಿ. ಟ್ಯಾಂಕರುಗಳು ತಡವಾಗತೊಡಗಿದವು. ಡ್ರೈವರುಗಳು "ನಿಮ್ಮ ಮಿಲಿಟ್ರಿಯೋರ್ನ ಕೇಳ್ಕೊಳ್ಳಿ" ಎಂದು ನಗುತ್ತಿದ್ದರು. ಡಾಕ್ಟರುಗಳು, ಎಂಜಿನಿಯರುಗಳು, ನಿವೃತ್ತ ಅಧಿಕಾರಿಗಳು ಇರುವ ಬಡಾವಣೆ ಇದು. ನೀರು ನಿಲ್ಲಿಸಿದವನ ಮನೆಗೆ ಒಬ್ಬರೂ ಹೋಗಲಿಲ್ಲ. ಎಲ್ಲರೂ ಹೋದದ್ದು ಕರ್ನಲ್ ಮನೆಗೆ. ಒಬ್ಬ ಗೃಹಸ್ಥರಂತೂ ನನ್ನ ಎದುರಿಗೇ, "ಒಂದು ಇಸ್ತ್ರಿಯವಳ ಕೈಗೋಸ್ಕರ ಇಷ್ಟು ಮನೆಗಳಿಗೆ ತೊಂದರೆ ಕೊಡೋದು ಸರಿಯಾ?" ಎಂದು ಕೇಳಿದರು.

ಅವತ್ತು ಕರ್ನಲ್ ದನಿ ಏರಿದ್ದನ್ನು ಮೊದಲ ಬಾರಿ ಕೇಳಿದೆ. "ಆ ದೇಶದಲ್ಲೂ ನನ್ನ ಮೇಲಿನೋನು ಇದೇ ಮಾತು ಹೇಳಿದ್ದ. ನಮಗ್ಯಾಕೆ ತಲೆನೋವು ಅಂತ. ಅಲ್ಲಿ ಅವನಿಗೆ ಮಂತ್ರಿಯ ಭಯ ಇತ್ತು. ನಿಮಗೆ ಯಾರ ಭಯ? ಟ್ಯಾಂಕರ್ ಡ್ರೈವರ್‌ದಾ? ಹೋಗಿ ಇಲ್ಲಿಂದ."

ಅವರು ಹೋದರು. ಸಂಘದ ಸಭೆಗಳಿಗೆ ಕರ್ನಲ್‌ರನ್ನು ಕರೆಯುವುದು ನಿಂತಿತು. ಹಬ್ಬಕ್ಕೆ ಎಳ್ಳುಬೆಲ್ಲ ಬೀರಲು ಬರುತ್ತಿದ್ದ ಮಕ್ಕಳು ಆ ಗೇಟು ದಾಟಿ ಮುಂದೆ ಹೋಗುತ್ತಿದ್ದರು. ಬೇರೆ ಕಡೆಯಿಂದ ಟ್ಯಾಂಕರ್ ತರಿಸಬಹುದೆಂದು ಹುಡುಕಿ, ಹೆಬ್ಬಾಳದ ಆಚೆಯ ಒಬ್ಬನನ್ನು ಒಪ್ಪಿಸಿದವರೂ ಕರ್ನಲ್ ಅವರೇ. ಅದೇ ನೀರಿನಲ್ಲಿ ಸ್ನಾನ ಮಾಡಿಕೊಂಡು ಜನ ಅವರನ್ನು ಬೈಯುತ್ತಿದ್ದರು.

ಮೊಕದ್ದಮೆ ಎಳೆದಾಡುತ್ತ ಹೋಯಿತು. ಸಾಕ್ಷಿ ಹೇಳುವ ಸರದಿ ಬರುವ ಮೊದಲೇ ಒಂದು ಬೆಳಿಗ್ಗೆ, ಕಾಫಿ ಲೋಟ ಕೈಯಲ್ಲಿ ಹಿಡಿದ ಹಾಗೆಯೇ, ಅವರ ಹೃದಯ ನಿಂತಿತು. ಕರ್ನಲ್ ಹೋದರು, ಕೇಸೂ ಹೋಯಿತು ಎಂದು ಬಡಾವಣೆ ಸಮಾಧಾನದ ಉಸಿರು ಬಿಟ್ಟಿತು. ಆ ಶ್ರದ್ಧಾಂಜಲಿ ಸಭೆಯಲ್ಲಿ ಬಂದ ನಗು ಆ ಸಮಾಧಾನದ್ದು.

ಮುನಿರಾಜುವಿನ ಕಡೆಯವರು ತಡ ಮಾಡಲಿಲ್ಲ. ಹೊಸ ಕಟ್ಟಡದ ಕೆಳಗೆ ಶಟರ್ ಇರುವ ಒಂದು ಅಂಗಡಿಯನ್ನು ರತ್ನಮ್ಮನ ಹೆಸರಿಗೆ ಮಾಡಿಕೊಡುತ್ತೇವೆ ಎಂದರು. ಅವಳು ಮಾಡಬೇಕಾದದ್ದಿಷ್ಟೇ: ಗುಂಡು ಎಲ್ಲಿಂದ ಬಂತೋ ಗೊತ್ತಾಗಲಿಲ್ಲ ಎಂದು ಕೋರ್ಟಿನಲ್ಲಿ ಹೇಳುವುದು. ಅವಳು ಕರ್ನಲ್ ಹೆಂಡತಿಯ ಹತ್ತಿರ ಬಂದು ಹೇಳಿಕೊಂಡಳು. ನಾನೂ ಇದ್ದೆ. "ನಿನ್ನ ಬದುಕು ರತ್ನಮ್ಮ. ನೀನೇನು ಮಾಡಿದ್ರೂ ನಮಗೆ ಬೇಜಾರಿಲ್ಲ" ಎಂದರು ಅವರು. ಅದು ಬಾಯಿಮಾತಲ್ಲ ಎಂದು ನನಗೆ ಗೊತ್ತಿತ್ತು. ರತ್ನಮ್ಮ ಸೆರಗು ಸರಿಮಾಡಿಕೊಂಡು ಎದ್ದು ಹೋದಳು.

ಮೊನ್ನೆ ಅವಳ ಸಾಕ್ಷಿಯ ದಿನ. ನಾನು ರಜೆ ಹಾಕಿ ಹೋಗಿದ್ದೆ. ತೀರ್ಪಿಗೆ ಇನ್ನೂ ಕಾಲವಿದೆ, ಅದು ಏನಾಗುತ್ತದೋ ನನಗೆ ತಿಳಿಯದು. ಆದರೆ ಅಲ್ಲಿ ಕಂಡದ್ದನ್ನು ಹೇಳಬಲ್ಲೆ. ಮುನಿರಾಜು ಬಿಳಿ ಅಂಗಿ ಹಾಕಿಕೊಂಡು ಕೂತಿದ್ದ. ಅವನ ವಕೀಲರು ಎದ್ದು, "ನೋಡಮ್ಮ, ಆ ಸತ್ತುಹೋದ ಮಿಲಿಟರಿಯವರು ಹೇಳಿಕೊಟ್ಟ ಹಾಗೆ ಹೇಳ್ತಿದ್ದೀಯ ಅಂತ ನಾನು ಹೇಳ್ತೀನಿ" ಎಂದರು.

"ಅವ್ರು ನಂಗೇನೂ ಏಳ್ಕೊಟ್ಟಿಲ್ಲ ಸ್ವಾಮಿ," ಎಂದಳು ರತ್ನಮ್ಮ. "ಅವ್ರಿಗಿಂತ ಮುಂಚೆ ನಾನ್ ನೋಡಿದ್ದು. ಸದ್ದಾಯ್ತು ಅಂತ ಟಾರ್ಪಾಲಿಂದ ಈಚೆ ಬಗ್ಗಿ ತಲೆ ಎತ್ತಿದ್ದೆ. ಬಿಲ್ಡಿಂಗ್ ಮ್ಯಾಲೆ ನಿಂತ್ಕಂಡು ನಗ್ತಿದ್ದ. ಆಮೇಲೆ ನನ್ ಕಡೀಕೆ ಕೈ ಬಂತು."

"ಯಾರು ನಗ್ತಿದ್ದದ್ದು?" ಎಂದು ನ್ಯಾಯಾಧೀಶರು ಕೇಳಿದರು.

ಅವಳು ಬಲಗೈ ಎತ್ತಲು ಹೋದಳು. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು. ಸೆರಗನ್ನು ಆ ಕೈಗೆ ಕೊಟ್ಟು, ಎಡಗೈ ಎತ್ತಿ, ಬೆರಳು ನೀಡಿ, ಮುನಿರಾಜುವನ್ನು ತೋರಿಸಿದಳು. ನ್ಯಾಯಾಧೀಶರು ಬರೆದುಕೊಂಡು ಮುಗಿಸುವವರೆಗೂ ಆ ಕೈಯನ್ನು ಇಳಿಸಲಿಲ್ಲ.